ಗಾಡಿ ಎಣಿಸಿದ್ದು ಸಾಕು, ಗಾಳಿ ನೋಡಿ

ನಿನ್ನೆ ಆಯಿ ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಿಸಿದ್ದಳು. ಸಂಜೆ ಎತ್ತಲು ಹೋದರೆ ಒಂದೊಂದರ ಮೇಲೂ ಕರಿ ಮಸಿ. ಬೆರಳಲ್ಲಿ ಒರೆಸಿದರೆ ಹೋಗುವುದಿಲ್ಲ, ಇನ್ನೂ ಹರಡುತ್ತದೆ. ಒಂದು ಚಾಪೆ ಹಪ್ಪಳ ಪೂರ್ತಿ ಹಾಳು.

ಅದೇ ಹೊತ್ತಿಗೆ ರಸ್ತೆ ಬದಿಯಲ್ಲಿ ಇಬ್ಬರು ಹುಡುಗರು ಕುರ್ಚಿ ಹಾಕಿಕೊಂಡು ಗಾಡಿ ಎಣಿಸುತ್ತಿದ್ದರು. ಊರಿನ ಗಾಳಿ ಸುಧಾರಿಸಲು ಅಧ್ಯಯನವಂತೆ. ಇಲ್ಲಿ ನಿಲ್ಲದೆ ಹಾದುಹೋಗುವ ಗಾಡಿ ಎಷ್ಟು ಅಂತ ನೋಡಬೇಕಂತೆ. ಇದು ಮೂರನೇ ಸಲ! 9ಕ್ಕೆ ಬಂದವರು 5ಕ್ಕೆ ಎದ್ದು ಹೋದರು. ಅರಬೈಲ್ ಘಟ್ಟ ಇಳಿದು ಕಾರವಾರಕ್ಕೋ ಮಂಗಳೂರಿಗೋ ಹೋಗುವ ಲಾರಿಗಳ ಸಾಲು ಜಾಸ್ತಿಯಾಗುವುದೇ ರಾತ್ರಿ. ಅದನ್ನು ಯಾರು ಎಣಿಸುತ್ತಾರೆ? ನಮ್ಮ ಮನೆ ಎದುರಿನ ಹಂಪ್‌ನಲ್ಲಿ ಬ್ರೇಕ್ ಹಾಕಿ, ಮತ್ತೆ ಗೇರ್ ಹಾಕಿ ಎಳೆಯುವಾಗ ಬರುವ ಕಪ್ಪು ಹೊಗೆ ಯಾವ ಲೆಕ್ಕಕ್ಕೆ?

ಪಿಎಂ 2.5 ಅನ್ನುವ ಸಣ್ಣ ಧೂಳು ಒಂದು ಘನ ಮೀಟರ್ ಗಾಳಿಯಲ್ಲಿ ದಿನದ ಸರಾಸರಿ 60 ಮೈಕ್ರೋಗ್ರಾಂ ದಾಟಬಾರದು ಅಂತ 2009ರಿಂದಲೇ ನಿಯಮವಿದೆ. ಅದನ್ನು ಅಳೆಯುವ ಒಂದು ಯಂತ್ರವನ್ನಾದರೂ ತರಬಾರದಿತ್ತಾ? ಗಾಳಿಯ ಅಧ್ಯಯನ ಅಂದರೆ ಗಾಳಿ ನೋಡಬೇಕು ಅಲ್ವಾ?

ಆಯಿಗೆ ದಮ್ಮು. ಈ ಸೆಕೆಯಲ್ಲೂ ಕಿಟಕಿ ಮುಚ್ಚಿಕೊಂಡೇ ಮಲಗುತ್ತಾಳೆ.