ಸಂಬಳ ಇರಲಿಲ್ಲವೇ? ಹಾಗಾದರೆ ಅನುಭವವೂ ಇಲ್ಲ

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಮಾತು ಹುಟ್ಟಿದ್ದು ರೆಸ್ಯೂಮೆ ಹುಟ್ಟುವ ಮೊದಲು. ಈಗ ಎಡಗೈಗೆ ಪುರುಸೊತ್ತಿಲ್ಲ, ಫೋಟೋ ತೆಗೆಯುವ ಕೆಲಸ ಅದರದ್ದೇ.

ಒಮ್ಮೆ ರಕ್ತದಾನ ಮಾಡಿದ ಪುಣ್ಯಾತ್ಮನ ರೆಸ್ಯೂಮೆ ನೋಡಿ: 'ಜೀವರಕ್ಷಕ ಸಂಪನ್ಮೂಲ ಪೂರೈಕೆಯಲ್ಲಿ ಮುಂಚೂಣಿ ಪಾತ್ರ. 350 ಮಿ.ಲೀ. ಗುರಿಯನ್ನು ನಿಗದಿತ ಅವಧಿಯೊಳಗೆ ತಲುಪಿದ್ದೇನೆ.' ಪಾಪ, ಅವನು ಮಾಡಿದ್ದು ಮಂಚದ ಮೇಲೆ ಮಲಗಿದ್ದು. ಕೈಗೆ ಕೊಟ್ಟ ರಬ್ಬರ್ ಚೆಂಡನ್ನು ಹಿಸುಕಿದ್ದು 'ಒತ್ತಡ ನಿರ್ವಹಣೆ' ಎಂದು ಕೆಳಗಿನ ಸಾಲಿನಲ್ಲಿದೆ. ಇನ್ನೊಬ್ಬರು 'ಹಸಿರು ಅಭಿಯಾನದ ಸಹ-ಸಂಸ್ಥಾಪಕಿ'. ಎಂಟು ಮಂದಿ ಮುಟ್ಟಿಕೊಂಡು ನಿಂತ ಗಿಡಕ್ಕೆ ಒಂಬತ್ತನೆಯ ಕೈ ಇವರದು. ಗಿಡ ಆ ವಾರವೇ ಒಣಗಿತು, ರೆಸ್ಯೂಮೆಯ ಸಾಲು ಮಾತ್ರ ನಿತ್ಯಹರಿದ್ವರ್ಣ.

ಇವರನ್ನು ಬೈದು ಫಲವಿಲ್ಲ. 'ಸಹಾಯ ಮಾಡಿದೆ' ಅನ್ನಬೇಡಿ, 'ಮುನ್ನಡೆಸಿದೆ' ಅನ್ನಿ, ಪಕ್ಕದಲ್ಲೊಂದು ಅಂಕಿ ಇಡಿ ಎಂದು ಸಲಹೆಗಾರರೇ ಹೇಳಿಕೊಟ್ಟಿದ್ದಾರೆ. ಮನುಷ್ಯರ ಕಣ್ಣಿಗೆ ಬೀಳುವ ಮೊದಲು ಅರ್ಜಿಯನ್ನು ಸಾಫ್ಟ್‌ವೇರ್ ಜಾಲಾಡುತ್ತದಲ್ಲ, ಅದಕ್ಕೂ ದೊಡ್ಡ ದೊಡ್ಡ ಪದಗಳೇ ಬೇಕಂತೆ. ಹೀಗಾಗಿ ಎಲ್ಲರೂ ಮುನ್ನಡೆಸಿದವರೇ. ಹಿಂದೆ ನಡೆದವರ ರೆಸ್ಯೂಮೆ ಇನ್ನೂ ಯಾರ ಕೈಗೂ ಸಿಕ್ಕಿಲ್ಲ.

ಡಿಸೆಂಬರ್ 5 ಸ್ವಯಂಸೇವಕರ ದಿನವಾಗಲಿ ಎಂದು ವಿಶ್ವಸಂಸ್ಥೆ ನಿರ್ಧರಿಸಿದ್ದು 1985ರಲ್ಲಿ. ಪ್ರತಿವರ್ಷ ಆ ದಿನ ಕಂಪನಿಗಳಿಗೆ ಸೇವೆಯ ಮೇಲೆ ಎಲ್ಲಿಲ್ಲದ ಮಮತೆ: ಒಂದೇ ಬಣ್ಣದ ಟೀ ಶರ್ಟು, ಮಡಿಕೆ ಬಿಚ್ಚದ ಕೈಗವಸು, ಧೂಳು ಕಾಣದ ಪೊರಕೆ. ಮರುದಿನ ಅದೇ ಕಂಪನಿಯ ಸಂದರ್ಶನಕ್ಕೆ ಒಬ್ಬಾಕೆ ಬರುತ್ತಾಳೆ. ವೃದ್ಧಾಶ್ರಮವೊಂದರ ಲೆಕ್ಕಪತ್ರವನ್ನು ನಾಲ್ಕು ವರ್ಷ ಒಬ್ಬಳೇ ನೋಡಿಕೊಂಡವಳು. ಕೇಳಿ ಬಂದಿರುವುದೂ ಲೆಕ್ಕಪತ್ರದ ಹುದ್ದೆಯನ್ನೇ. ಏನು ಕೆಲಸ, ಯಾವಾಗಿನಿಂದ ಯಾವಾಗಿನವರೆಗೆ, ವಾರಕ್ಕೆಷ್ಟು ಗಂಟೆ ಎಂದು ಅನುಭವದ ಪಟ್ಟಿಯಲ್ಲೇ ರಾಜಾರೋಷವಾಗಿ ಬರೆಯಬಹುದಿತ್ತು. ಸಂಕೋಚದ ಪ್ರಾಣಿ, ಕೊನೆಯ ಪುಟದಲ್ಲಿ 'ಹವ್ಯಾಸ: ಓದು, ಸಂಗೀತ' ಎಂಬುದರ ಪಕ್ಕಕ್ಕೆ ಸೇರಿಸಿದ್ದಾಳೆ.

"ಅಲ್ಲಿ ಸಂಬಳ ಎಷ್ಟಿತ್ತು?"

"ಇರಲಿಲ್ಲ ಸರ್."

"ಹಾಗಾದ್ರೆ ಅದನ್ನ ಅನುಭವ ಅಂತ ಹಿಡಿಯೋಕಾಗಲ್ಲಮ್ಮ. ನಮ್ಮ ನಿಯಮ. ಫೋಟೋ, ಸರ್ಟಿಫಿಕೇಟು ಏನಾದ್ರೂ?"

"ಲೆಕ್ಕದ ಪುಸ್ತಕ ಇದೆ ಸರ್. ಒಂದು ರೂಪಾಯಿ ವ್ಯತ್ಯಾಸ ಬಂದಿಲ್ಲ."

"ಅದೆಲ್ಲ ಸಾಫ್ಟ್‌ವೇರಿಗೆ ಗೊತ್ತಾಗಲ್ಲ. ಒಂದ್ ಕೆಲಸ ಮಾಡಿ, ನಮ್ಮಲ್ಲಿ ಆರು ತಿಂಗಳು ಇಂಟರ್ನ್ ಆಗಿ ಸೇರಿ. ಸಂಬಳ ಕೊಡಲ್ಲ. ಆದ್ರೆ ಒಳ್ಳೇ ಅನುಭವ ಆಗುತ್ತೆ."