ಚೆನ್ನೈಗೆ ಬಂದು ಫ್ರಿಜ್ಜನ್ನು ಬಯ್ಯಿರಿ ನೋಡೋಣ

ಫ್ರಿಜ್ ಬಂದ ಮೇಲೆ ಅಡುಗೆಯ ರುಚಿಯೇ ಹೋಯಿತು ಅನ್ನುವವರು ನಮ್ಮ ಸಾಗರದ ಕಡೆ ಇನ್ನೂ ಇದ್ದಾರೆ. ಮಲೆನಾಡಿನ ತಂಪಿನಲ್ಲಿ ಕೂತು ಹಾಗನ್ನುವುದು ಸುಲಭ. ಅಲ್ಲಿ ಚಳಿಗಾಲದಲ್ಲಿ ದೋಸೆ ಹಿಟ್ಟು ಹುದುಗು ಬರಲಿ ಅಂತ ಪಾತ್ರೆಯನ್ನು ಒಲೆ ಪಕ್ಕ ಇಡುತ್ತಾರೆ. ಇಲ್ಲಿ ಮೇ ತಿಂಗಳಲ್ಲಿ ಬೆಳಿಗ್ಗೆ ರುಬ್ಬಿದ್ದು ಸಂಜೆಯೊಳಗೆ ಹುಳಿ. ಹಿಟ್ಟನ್ನು ತಡೆದು ನಿಲ್ಲಿಸಲು ಫ್ರಿಜ್ ಬೇಕೇ ಬೇಕು.

ಈ ಊರಿಗೆ ತಂಪಿನ ಹುಚ್ಚು ಹೊಸದೇನಲ್ಲ. ಮರೀನಾ ಬೀಚಿನ ಎದುರಿನ ಐಸ್ ಹೌಸ್ ಕಟ್ಟಿದ್ದು 1842ರಲ್ಲಿ. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಅಲ್ಲಿನ ಹೆಪ್ಪುಗಟ್ಟಿದ ಕೆರೆಗಳಿಂದ ಐಸ್ ಕೊಯ್ಸಿ, ಮರದ ಹೊಟ್ಟು ತುಂಬಿ ಹಡಗಿಗೆ ಹಾಕಿಸುತ್ತಿದ್ದ. 1833ರಲ್ಲಿ ಕಲ್ಕತ್ತೆಗೆ ಹೊರಟ ಅವನ ಮೊದಲ ಹಡಗಿನಲ್ಲಿದ್ದದ್ದು 180 ಟನ್. ಭೂಮಧ್ಯರೇಖೆಯನ್ನು ಎರಡು ಸಲ ದಾಟಿ, ನಾಲ್ಕು ತಿಂಗಳ ಮೇಲೆ ತಲುಪಿದಾಗಲೂ ಸುಮಾರು 100 ಟನ್ ಉಳಿದಿತ್ತು! ಆಮೇಲೆ ಇಲ್ಲೇ ಯಂತ್ರದಲ್ಲಿ ಐಸ್ ತಯಾರಾಗತೊಡಗಿತು, ಟ್ಯೂಡರ್ ಕಂಪನಿಯ ವ್ಯಾಪಾರ ಮುಳುಗಿತು. ಕಟ್ಟಡ ಕೈ ಬದಲಾಯಿತು. 1897ರಲ್ಲಿ ವಿವೇಕಾನಂದರು ಉಳಿದುಕೊಂಡದ್ದು ಅದೇ ಮನೆಯಲ್ಲಿ. ಈಗ ಅದಕ್ಕೆ ಅವರದೇ ಹೆಸರು. ಆದರೂ ಜನರ ಬಾಯಲ್ಲಿ ಅದು ಐಸ್ ಹೌಸೇ.

ಆ ಐಸು ಹೋದದ್ದು ದೊರೆಗಳ ಗ್ಲಾಸಿಗೆ. ನಮ್ಮ ಅಜ್ಜಿಯರ ಅಡುಗೆಮನೆಗೆ ಅದರಿಂದ ಏನೂ ಆಗಲಿಲ್ಲ. ಅವರು ಹಾಲು-ಬೆಣ್ಣೆಯನ್ನು ನೆಲುವಿನಲ್ಲಿ ತೂಗುಹಾಕಿದರು, ಹಲಸಿನ ಸೊಳೆಯನ್ನು ಉಪ್ಪಿನಲ್ಲಿಟ್ಟರು, ಉಳಿದ ಸಾರನ್ನು ಹೊತ್ತು ಹೊತ್ತಿಗೂ ಕುದಿಸಿದರು. ತಮಿಳರು ಉಳಿದ ಅನ್ನಕ್ಕೆ ನೀರು ಹೊಯ್ದಿಟ್ಟು ಬೆಳಿಗ್ಗೆ ಉಂಡರು, ನಮ್ಮವರೂ ತಂಗಳನ್ನ ಉಂಡರು. ಎಲ್ಲ ಜಾಣತನವೇ, ನಿಜ. ಆದರೆ ಅಷ್ಟೂ ಕೆಲಸ ಹೆಂಗಸರದ್ದು ಅಲ್ವಾ? ಆ ರುಚಿಯನ್ನು ನೆನೆದು ನಿಟ್ಟುಸಿರು ಬಿಡುವವರಲ್ಲಿ ಎಷ್ಟು ಜನ ಒರಳು ತಿರುಗಿಸಿದ್ದಾರೆ?

ಗೋದ್ರೆಜ್ ನಮ್ಮ ದೇಶದಲ್ಲೇ ಫ್ರಿಜ್ ಮಾಡಿದ್ದು 1958ರಲ್ಲಿ. ಮಧ್ಯಮ ವರ್ಗದ ಮನೆ ಸೇರಲು ಅದಕ್ಕೆ ಇನ್ನೂ ಎಷ್ಟೋ ವರ್ಷ ಹಿಡಿಯಿತು. ಬಂದಾಗಲೂ ಎಷ್ಟೋ ಮನೆಗಳಲ್ಲಿ ಅದು ಕೂತದ್ದು ಹಾಲ್‌ನಲ್ಲಿ, ಟೀವಿಯ ಪಕ್ಕ. ನೆಂಟರು ನೋಡಬೇಕಲ್ಲ! ಆದರೆ ಹೆಂಗಸರಿಗೆ ಸಿಕ್ಕಿದ್ದು ಬೇರೆಯೇ: ಒಂದು ಸಲ ರುಬ್ಬಿದರೆ ನಾಲ್ಕು ದಿನ ಬೆಳಿಗ್ಗೆ ನೆಮ್ಮದಿ. ಇಲ್ಲಂತೂ ಬೀದಿಗೊಂದು ಅಂಗಡಿಯಲ್ಲಿ ಹಿಟ್ಟಿನ ಪ್ಯಾಕೆಟ್ಟೇ ಸಿಗುತ್ತದೆ, ರುಬ್ಬುವುದೂ ಬೇಡ.

ಮಡಕೆ ನೀರು ಸಾಕು, ಫ್ರಿಜ್ ನೀರು ಯಾಕೆ ಅಂತಲೂ ಕೇಳುತ್ತಾರೆ. ಬಳ್ಳಾರಿ, ಕಲಬುರಗಿಯ ಒಣ ಬಿಸಿಲಿಗೆ ಆ ಮಾತು ಸರಿ. ಅಲ್ಲಿ ಮಡಕೆಯ ಮೈಯಿಂದ ನೀರು ಬೇಗ ಆರುತ್ತದೆ, ಒಳಗಿನದು ತಣ್ಣಗಾಗುತ್ತದೆ. ಕಡಲ ಪಕ್ಕದ ಈ ಅಂಟು ಹವೆಯಲ್ಲಿ ಬೆವರೇ ಆರುವುದಿಲ್ಲ, ಇನ್ನು ಮಡಕೆ ಎಲ್ಲಿಂದ ಆರಬೇಕು?