ಅವ್ವನ ಎರಡನೇ ಗಡಿಯಾರ

ಹುಬ್ಬಳ್ಳಿಯ ಕೇಶ್ವಾಪುರದ ನಮ್ಮ ಮನೆಯ ಹಾಲ್‌ನಲ್ಲಿ ಎರಡು ಗಡಿಯಾರ ಇವೆ. ಒಂದು ನಮ್ಮದು, ಇನ್ನೊಂದು ತಂಗಿಯದು. ತಂಗಿ ಇರೋದು ಶಿಕಾಗೋದಲ್ಲಿ. ಮದುವೆಯಲ್ಲಿ ಉಡುಗೊರೆ ಬಂದ ಗಡಿಯಾರವೊಂದು ಅಟ್ಟದ ಮೇಲಿತ್ತು. ಅವ್ವ ಅದನ್ನು ಇಳಿಸಿ, ಸೆಲ್ ಹಾಕಿಸಿ, ಶಿಕಾಗೋ ಟೈಮಿಗೆ ಇಡಿಸಿದಳು. ಮನೆಗೆ ಬಂದವರೆಲ್ಲ "ಇದ್ಯಾಕ್ರಿ, ತಪ್ಪ ತೋರಸ್ತದಲ್ಲ?" ಅಂತ ಕೇಳುತ್ತಾರೆ.

ಮೊದಲು ನಾನೂ ನಕ್ಕಿದ್ದೆ. ನನ್ನದು ಮನೆಯಿಂದಲೇ ಕೆಲಸ. ಜೊತೆಗೆ ಕೆಲಸ ಮಾಡುವವರು ಶಿಕಾಗೋ, ಡಬ್ಲಿನ್, ಸಿಡ್ನಿಯಲ್ಲಿದ್ದಾರೆ. ಮೂರೂ ಊರಿನ ಟೈಮು ಮೊಬೈಲಿನಲ್ಲೇ ಇದೆ. ಆದರೆ ಅದನ್ನು ತೆಗೆದು ನೋಡೋದು ಯಾವಾಗ? ಫೋನ್ ಮಾಡಿದ ಮೇಲೆ! ಡಿಸೆಂಬರ್‌ನಲ್ಲೊಮ್ಮೆ ರಾತ್ರಿ 10ಕ್ಕೆ ಸುಮ್ನೆ ಸಿಡ್ನಿ ಗೆಳೆಯನಿಗೆ ಹಚ್ಚಿಬಿಟ್ಟೆ. ಅಲ್ಲಿ ಬೆಳಗಿನ ಜಾವ ಮೂರೂವರೆ. ಪಾಪ, ಮನೆಯಲ್ಲಿ ಯಾರಿಗೋ ಏನೋ ಆಗಿದೆ ಅಂತ ಗಾಬರಿಯಾಗಿ ಎತ್ತಿದ್ದ.

ಮಾರ್ಚ್ ಬಂತೆಂದರೆ ಇನ್ನೊಂದು ತಾಪತ್ರಯ. ಅಮೆರಿಕದವರು ಎರಡನೇ ರವಿವಾರ ಗಡಿಯಾರ ಒಂದು ತಾಸು ಮುಂದೆ ಹಾಕುತ್ತಾರೆ. ಯುರೋಪಿನವರು ಕೊನೆಯ ರವಿವಾರ. ನಾವು ಮುಟ್ಟುವುದೇ ಇಲ್ಲ, ಆದರೂ ಊಟದ ಹೊತ್ತು ತಪ್ಪುವುದು ನಮ್ಮದೇ. ಶಿಕಾಗೋದ ಬೆಳಗಿನ ಒಂಬತ್ತೂವರೆ ಮೀಟಿಂಗು ನಮಗೆ ರಾತ್ರಿ 9ಕ್ಕಿತ್ತು, ಒಂದು ಸೋಮವಾರ 8ಕ್ಕೆ ಬಂದು ಕೂತಿತು. ನಾನು ರೊಟ್ಟಿ, ಝುಣಕ ಬಡಿಸಿಕೊಂಡು ಕೂತಿದ್ದೆ. ಅಲ್ಲಿ ಎಲ್ಲರೂ ನನಗಾಗಿ ಕಾಯುತ್ತಿದ್ದರು.

ಇನ್ನು ಈ 'ಐಎಸ್‌ಟಿ'. ನಮಗದು ಭಾರತದ ಟೈಮು. ಐರ್ಲೆಂಡಿನವರಿಗೆ ಬೇಸಿಗೆಯಲ್ಲಿ ಅವರ ಟೈಮೂ ಐಎಸ್‌ಟಿ. ಇಸ್ರೇಲಿನದೂ ಅದೇ! ಡಬ್ಲಿನ್‌ನವನು '4 ಐಎಸ್‌ಟಿ' ಅಂತ ಬರೆದ. ನಾನು ಚಹಾ ಬಿಟ್ಟು ನಾಲ್ಕಕ್ಕೇ ಹಾಜರ್. ಅವನು ಬಂದಿದ್ದು ರಾತ್ರಿ ಎಂಟೂವರೆಗೆ. ಈಗ ನಾನು 'ಮಂಗಳವಾರ, ಹುಬ್ಬಳ್ಳಿ ರಾತ್ರಿ 8:30, ಡಬ್ಲಿನ್ ಸಂಜೆ 4' ಅಂತ ಪೂರ್ತಿ ಬರೆಯುತ್ತೇನೆ. ಉದ್ದ ಆಯ್ತು ಅಂತಾರೆ. ಆಗಲಿ ಬಿಡಿ. ಎದುರಿನವರ ಲೆಕ್ಕ ನಾವೇ ಮಾಡಿಕೊಟ್ಟರೆ ಏನು ಹೋಗುತ್ತೆ, ಅಲ್ವಾ?

ಅವ್ವನಿಗೆ ಈ ಯಾವ ಅಕ್ಷರವೂ ಬೇಕಿಲ್ಲ. ಅವಳ ಬೇಸಿಗೆ ಲೆಕ್ಕ ಇದು: "ನಮ್ಮ ಟೈಮಿಗೆ ದೀಡ ತಾಸು ಕೂಡಸು. ಇಲ್ಲಿ ಹಗಲಿದ್ರ ಅಲ್ಲಿ ರಾತ್ರಿ ಅನ್ನು." ದೀಡ ಅಂದರೆ ಒಂದೂವರೆ. ಚಳಿಗಾಲದಲ್ಲಿ ದೀಡ ತಾಸಲ್ಲ, ಅರ್ಧ ತಾಸು. ಮಾಡಿ ನೋಡಿ, ಸರಿ ಬರುತ್ತೆ.

"ಈ ಅರ್ಧ ತಾಸಿನ ಬಾಲ ಎಲ್ಲಿಂದ ಬಂತು?" ಅಂತ ಒಮ್ಮೆ ಕೇಳಿದಳು. ನಮ್ಮ ದೇಶದ ಟೈಮು ಮಿರ್ಜಾಪುರದ ಹತ್ತಿರ ಹಾಯುವ 82.5 ಡಿಗ್ರಿ ರೇಖೆಯದು. 15 ಡಿಗ್ರಿಗೆ ಒಂದು ತಾಸಿನಂತೆ ಗ್ರೀನಿಚ್‌ಗಿಂತ ಐದೂವರೆ ತಾಸು ಮುಂದೆ. ಹುಬ್ಬಳ್ಳಿ ಇರೋದು 75ರ ಹತ್ತಿರ. ಹಾಗಾಗಿ ನಮ್ಮ ನೆತ್ತಿಯ ಮೇಲೆ ಸೂರ್ಯ ಬರುವಾಗ ಸುಮಾರು ಹನ್ನೆರಡೂವರೆ ಆಗಿರುತ್ತೆ. ಇದನ್ನು ಕೇಳಿ ಅವ್ವ, "ಹಂಗಾದ್ರ ನಮ್ಮ ಗಡಿಯಾರನೂ ತಪ್ಪ ತೋರಸ್ತದ ಅನ್ನು" ಅಂದಳು.

ತಂಗಿಯ ಗಡಿಯಾರ ತಿದ್ದೋದು ನನ್ನ ಪಾಲಿನ ಕೆಲಸ. ನವೆಂಬರ್‌ನ ಮೊದಲ ರವಿವಾರ ಅಮೆರಿಕದವರು ಆ ಒಂದು ತಾಸು ಮತ್ತೆ ಹಿಂದೆ ಹಾಕುತ್ತಾರೆ. ಹೋದ ಸಲ ಆ ದಿನ ಮದುವೆಗೆಂದು ಗದಗಿಗೆ ಹೋಗಿದ್ದೆ, ಮರೆತೇ ಹೋಯಿತು. ಅವ್ವ ಎಂದಿನಂತೆ ಗೋಡೆ ನೋಡಿ, ಅಲ್ಲಿ 7 ಆದ ಮೇಲೇ ಫೋನ್ ಮಾಡಿದ್ದಾಳೆ. ನಾನು ಊರಿಂದ ವಾಪಸ್ ಬರುವವರೆಗೆ, ಎರಡು ದಿನ, ತಂಗಿಗೆ ಆರಕ್ಕೇ ಬೆಳಗಾಯಿತು.